ಹಿಂದಿನ ಸೀಟಿನ ತಂಪು

ದೇವರಾಜ ಮೊಹಲ್ಲಾ, ಮೈಸೂರು
೧೨ ಏಪ್ರಿಲ್ ೨೦೨೫, ಶನಿವಾರ

ಪ್ರೀತಿಯ ಮಗ ಚಂದ್ರಮೌಳಿಗೆ,

ನಿನ್ನ ಅಮ್ಮ ಮನಸಾರೆ ಹರಸಿ ಬರೆಯುತ್ತಿದ್ದೇನೆ. ನಾವು ಮೂವರೂ ಚೆನ್ನಾಗಿದ್ದೇವೆ. ನೀನು ಹೇಗಿದ್ದೀಯ? ಮೊಣಕಾಲಿನ ನೋವು ಏನಾಯಿತು? ಕಳೆದ ಸಲ ಬಂದಾಗ ಮಹಡಿ ಮೆಟ್ಟಿಲನ್ನು ಗೋಡೆ ಹಿಡಿದುಕೊಂಡು ಇಳಿದೆಯಲ್ಲ, ಅಮ್ಮ ನೋಡಲಿಲ್ಲ ಅಂದುಕೊಂಡಿರಬೇಕು. ನೋಡಿದೆ. ಗಾಳಿಯಂತ್ರದ ಅಷ್ಟೆತ್ತರದ ಕಂಬ ಹತ್ತಿ ಇಳಿಯುವವನು ಮನೆಯ ಮೆಟ್ಟಿಲಿಗೆ ಮುಖ ಕಿವುಚಿದರೆ ತಾಯಿಗೆ ಗೊತ್ತಾಗುವುದಿಲ್ಲವೇ? ನಾನು ಕೊಟ್ಟು ಕಳಿಸಿದ ಎಣ್ಣೆಯನ್ನು ಬೆಚ್ಚಗೆ ಮಾಡಿ ಹಚ್ಚಿಕೋ, ಸೀಸೆಯನ್ನು ಕಿಟಕಿಯ ಮೇಲೆ ಅಲಂಕಾರಕ್ಕೆ ಇಡಬೇಡ. ನಿಮ್ಮ ಮೆಸ್ಸಿನಲ್ಲಿ ಮಜ್ಜಿಗೆ ಕೊಡುತ್ತಾರೋ ಇಲ್ಲವೋ? ಚಿತ್ರದುರ್ಗದ ಬಿಸಿಲಿಗೆ ಬರೀ ನೀರು ಸಾಲದು. ಭಾನುವಾರವೂ ಡ್ಯೂಟಿ ಎಂದು ಸೊಸೆ ಬಿಂದುಶ್ರೀ ಹೇಳಿದಳು. ಗಾಳಿ ಕಡಿಮೆ ಇರುವ ಈ ತಿಂಗಳಲ್ಲೇ ಯಂತ್ರಗಳ ರಿಪೇರಿ ಎಲ್ಲಾ ಮುಗಿಸಬೇಕಂತೆ. ಮುಗಿಸು, ಯಾರು ಬೇಡ ಅಂದರು, ಆದರೆ ತಲೆಗೆ ಒದ್ದೆ ಬಟ್ಟೆ ಸುತ್ತಿಕೊಂಡು ಮುಗಿಸು.

ಅಮ್ಮ ಫೋನು ಬಿಟ್ಟು ಯಾಕೆ ಕಾಗದ ಹಿಡಿದಳು ಎಂದು ಕೇಳುತ್ತೀಯ. ಫೋನಿನಲ್ಲಿ ಎಲ್ಲಾ ಮಾತೂ ಆಡುತ್ತೀಯ, ಕಾರಿನ ಮಾತು ಬಂತೋ, "ಸಿಗ್ನಲ್ ಇಲ್ಲ ಕಣಮ್ಮ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಡುತ್ತೀಯ. ಆ ಸಿಗ್ನಲ್ಲು ಸರಿಯಾಗಿ ಕಾರಿನ ಮಾತಿಗೇ ಹೋಗುವುದು ಹೇಗೆ ಎಂದು ನನಗೆ ಇನ್ನೂ ತಿಳಿದಿಲ್ಲ. ಕಾಗದಕ್ಕೆ ಆ ತಾಪತ್ರಯವಿಲ್ಲ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ, ಇದು ಪೂರ್ತಿ ಕಾರಿನ ವಿಷಯದ ಕಾಗದ. ಕುರ್ಚಿ ಎಳೆದುಕೊಂಡು ಕೂತು ಓದು.

ಈ ವರ್ಷ ನಮ್ಮ ಮೈಸೂರೂ ಕಾದ ಹೆಂಚಾಗಿದೆ. ಹಿಂದೆಲ್ಲ ಯುಗಾದಿ ಕಳೆದ ಮೇಲೆ ಒಂದೆರಡು ಮಳೆ ಬಿದ್ದು ಊರು ತಣ್ಣಗಾಗುತ್ತಿತ್ತು, ಈಗ ಮಧ್ಯಾಹ್ನ ನಮ್ಮ ಪೂಜಾಸಾಮಾನಿನ ಅಂಗಡಿ ಬಾಗಿಲಲ್ಲಿ ಕೂತರೆ ಕರ್ಪೂರ ಡಬ್ಬಿಯಲ್ಲೇ ಹಾರಿಹೋಗುತ್ತದೋ ಅನ್ನಿಸುತ್ತದೆ. ನಿನ್ನ ಮಗಳು ರಕ್ಷಿತಾಳ ಮಂಚವನ್ನು ನಡುಮನೆಗೆ ತಂದಿದ್ದೇವೆ. ಕಿಟಕಿಗೆ ಒದ್ದೆ ಬೆಡ್‌ಶೀಟು, ಕಾಲಿನ ಹತ್ತಿರ ಬಕೆಟ್ಟಿನಲ್ಲಿ ನೀರು, ಮೈಮೇಲೆ ಹಸಿ ಬನಿಯನ್ನು. ಅವಳು ಅದರಲ್ಲೇ ಕೂತು ಚಿತ್ರ ಬರೆಯುತ್ತಾಳೆ, ನನಗೆ ಒಗಟು ಹಾಕುತ್ತಾಳೆ, ಸೋತರೆ ನೀರು ಎರಚುತ್ತಾಳೆ. ಪಕ್ಕದ ಮನೆ ಲಕ್ಷ್ಮಮ್ಮ ಮೊನ್ನೆ ಬಂದು ನೋಡಿ, "ಮಗೀಗೆ ಬೆವರೇ ಬರಾಕಿಲ್ವಂತಲ್ಲ, ಪುಣ್ಯವಂತೆ ಕಣ್ರೀ, ಬಟ್ಟೆ ಒಗೆಯೋ ಕೆಲ್ಸಾನೇ ಇಲ್ಲ" ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಕೂರಿಸಿಕೊಂಡು ಹೇಳಿದೆ, ಅಮ್ಮಾ ಲಕ್ಷ್ಮಮ್ಮಾ, ನಿಮಗೂ ನನಗೂ ಸೆಕೆಯಾದರೆ ಬೆವರು ಬಂದು ಮೈ ತಣ್ಣಗಾಗುತ್ತದೆ, ಈ ಮಗುವಿಗೆ ಹುಟ್ಟಿನಿಂದಲೇ ಬೆವರಿನ ಗ್ರಂಥಿಗಳಿಲ್ಲ, ಒಳಗಿನ ಬಿಸಿಗೆ ಹೊರಗೆ ಬರಲು ದಾರಿಯಿಲ್ಲ, ಬಿಸಿಲಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಜ್ವರ ಏರಿ ಪ್ರಾಣಕ್ಕೇ ಬರುತ್ತದೆ ಎಂದು. ಪಾಪ, ಬಾಯಿಗೆ ಸೆರಗು ಹಿಡಿದುಕೊಂಡರು. ಸಂಜೆ ಒಂದು ಕಲ್ಲಂಗಡಿ ತಂದುಕೊಟ್ಟು ಹೋದರು.

ನಮ್ಮ ಹುಡುಗಿ ಈ ಊರನ್ನು ದೀಪದ ಬೆಳಕಿನಲ್ಲಷ್ಟೇ ಸರಿಯಾಗಿ ನೋಡಿದವಳು. ಹೊತ್ತು ಮುಳುಗಿದ ಮೇಲೆ ಚಿಕ್ಕ ಗಡಿಯಾರದವರೆಗೆ ಕರೆದುಕೊಂಡು ಹೋಗುತ್ತೇವೆ, ಹೂವಿನ ಸಾಲು ನೋಡಿಕೊಂಡು ಬರುತ್ತೇವೆ. ಬೇಸಿಗೆಯ ಹಗಲು ಅವಳಿಗೆ ಗೊತ್ತೇ ಇಲ್ಲ. ಇದು ನೀನು ಮಾಡಿದ ಕಟ್ಟಳೆ. ನಿನ್ನನ್ನು ದೂರುತ್ತಿಲ್ಲ. ಆ ದಿನ ನಂಜನಗೂಡಿನಿಂದ ವಾಪಸು ಬರುವಾಗ ಏನಾಯಿತೆಂದು ನಾನೂ ಕಣ್ಣಾರೆ ಕಂಡವಳು. ಹೋಗುವಾಗ ತಣ್ಣಗಿದ್ದ ಕಾರು ಬರುವಾಗ ದಳವಾಯಿ ಕೆರೆ ಹತ್ತಿರ ಲಾರಿ ಅಡ್ಡ ಬಿದ್ದು ಸಾಲು ನಿಂತಾಗ ಕೈಕೊಟ್ಟಿತು. ಏಸಿಯಿಂದ ಬರೀ ಸದ್ದು, ಗಾಳಿಯೇ ಇಲ್ಲ. ಗಾಜು ಇಳಿಸಿದರೆ ಉರಿ. ಆಗ ನಾಲ್ಕು ವರ್ಷದ ಕೂಸು, ನನ್ನ ತೊಡೆಯ ಮೇಲೆ ಕೆಂಪಗಾಗಿ, ಆಮೇಲೆ ಸೆಟೆದುಕೊಂಡಿತು. ನೀನು ಅವಳನ್ನು ಎತ್ತಿಕೊಂಡು ಎಳನೀರಿನ ಅಂಗಡಿಗೆ ಓಡಿದ್ದು, ಆ ಪುಣ್ಯಾತ್ಮ ಕೊಡದ ನೀರನ್ನೆಲ್ಲ ಸುರಿದದ್ದು, ಆಸ್ಪತ್ರೆಯಲ್ಲಿ ಅವಳು ಕಣ್ಣು ಬಿಡುವವರೆಗೆ ನೀನು ಗೋಡೆಗೆ ಹಣೆ ಒತ್ತಿಕೊಂಡು ನಿಂತದ್ದು ನನಗೆ ಮರೆಯುವುದಿಲ್ಲ. ಶಿವ ಕಾಪಾಡಿದ. ಮಗು ಉಳಿದಳು.

ಆದರೆ ನೀನು ಉಳಿಯಲಿಲ್ಲವಲ್ಲೋ. ಕಾರಿಗೆ ಟಾರ್ಪಾಲು ಹೊದಿಸಿದೆ, ಕೀಲಿಯನ್ನು ನನ್ನ ಕೈಗೆ ಕೊಟ್ಟೆ, ಚಿತ್ರದುರ್ಗದ ಗುಡ್ಡದ ಕೆಲಸ ಕೇಳಿ ತೆಗೆದುಕೊಂಡೆ. ರಜೆಗೆ ಬರುತ್ತೀಯ, ಮಗಳಿಗೆ ಕೇಳಿದ್ದೆಲ್ಲ ತರುತ್ತೀಯ, ಆದರೆ ಆ ದಿನದಿಂದ ಅವಳ ಜೊತೆ ಒಂದು ಆಟೋದಲ್ಲೂ ಕೂತಿಲ್ಲ. ಆಸ್ಪತ್ರೆಗೆ ಹೋಗುವುದಿದ್ದರೆ ಬಿಂದು ಮತ್ತು ಮಗು ಒಂದರಲ್ಲಿ, ನೀನು ಹಿಂದಿನಿಂದ ಬೈಕಿನಲ್ಲಿ. ಯಾರೂ ಕೇಳಲಿಲ್ಲ, ಆದರೆ ಮಗು ಗಮನಿಸಿದ್ದಾಳೆ. "ಅಪ್ಪಂಗೆ ನನ್ ಜೊತೆ ಕೂತ್ರೆ ಭಯಾನಾ ಅಜ್ಜಿ?" ಎಂದು ಯುಗಾದಿಯ ದಿನ ಕೇಳಿದಳು. ನಾನು ಒಬ್ಬಟ್ಟಿನ ನೆಪ ಮಾಡಿ ಅಡುಗೆಮನೆಗೆ ಎದ್ದುಹೋದೆ.

ಹಾಗಿರುವಾಗ ಫೆಬ್ರವರಿಯಲ್ಲಿ ನೀನು ಫೋನು ಮಾಡಿ, ಅಂಬಾಸಿಡರನ್ನು ಗುಜರಿಗೆ ಕೊಟ್ಟುಬಿಡಿ, ಜಾಗವಾದರೂ ಖಾಲಿಯಾಗಲಿ ಎಂದೆ. ನಾನು ಹೂಂ ಅಂದೆ. ಬಿಂದುಶ್ರೀಯೂ ಹೂಂ ಅಂದಳು. ಅವಳ ಹೂಂಗೂ ನನ್ನ ಹೂಂಗೂ ಇರುವ ವ್ಯತ್ಯಾಸ ಮುಂದಿನ ಭಾನುವಾರ ತಿಳಿಯಿತು. ಬೆಳಿಗ್ಗೆ ಎದ್ದು ನೋಡಿದರೆ ಟಾರ್ಪಾಲು ಅಂಗಳದಲ್ಲಿ ಒಣಗುತ್ತಿದೆ, ನಿನ್ನ ಹೆಂಡತಿ ಹಳೆಯ ಚೂಡಿದಾರ ಹಾಕಿಕೊಂಡು ತಲೆಗೆ ಟವೆಲ್ಲು ಕಟ್ಟಿ ಕಾರಿನ ಹೊಟ್ಟೆಯಡಿ ಟಾರ್ಚು ಬಿಡುತ್ತಿದ್ದಾಳೆ. ಗುಜರಿಯವನು ಬರುವ ಮುಂಚೆ ಒರೆಸುತ್ತಿದ್ದಾಳೆ ಅಂದುಕೊಂಡೆ. "ಗುಜರಿಗಲ್ಲ ಅತ್ತೆ, ಏಸಿ ಹೊಸದಾಗಿ ಹಾಕ್ಸೋಣ ಅಂತ" ಎಂದಳು. ನಾನು ಬೈದೆ. ಚೆನ್ನಾಗಿಯೇ ಬೈದೆ. ಮಗುವಿನ ಜೀವ ತೆಗೆಯಲು ಬಂದ ಗಾಡಿ, ನಿನಗೇನು ತಲೆ ಕೆಟ್ಟಿದೆಯಾ ಎಂದೆ. ಅವಳು ಎದುರು ಮಾತಾಡಲಿಲ್ಲ, ಟಾರ್ಚನ್ನೂ ಆರಿಸಲಿಲ್ಲ. ನಿನಗೆ ಗೊತ್ತಲ್ಲ ಅವಳ ಸ್ವಭಾವ, ನಾವು ಕೂಗಾಡಿ ಸುಸ್ತಾದ ಮೇಲೆ ಕಾಫಿ ತಂದುಕೊಟ್ಟು ತನ್ನ ಕೆಲಸ ಮುಂದುವರಿಸುತ್ತಾಳೆ.

ಉದಯಗಿರಿಯಲ್ಲಿ ಕಾರಿನ ಏಸಿ ಕೆಲಸ ಮಾಡುವ ಮಹದೇವು ಎಂಬವನನ್ನು ಹಿಡಿದಳು. ಅವನ ಕೈಗಿಂತ ಬಾಯಿ ಜೋರು. ಬಾನೆಟ್ಟು ಎತ್ತಿದವನೇ, "ಅವ್ವಾ, ಇದು ನಮ್ಮ ತಾತನ ಕಾಲದ್ದು. ಇದುಕ್ಕೆ ತುಂಬ್ಸೋ ಗ್ಯಾಸೇ ಈಗ ಸಿಗಾಕಿಲ್ಲ. ಎಲ್ಲಾ ಕಿತ್ತಾಕ್ಬುಟ್ಟು ಹೊಸದು ಕೂರಿಸ್ಬೇಕು" ಎಂದು ಭಾಷಣ ಶುರು ಮಾಡಿದ. ಸರಿ, ಕಿತ್ತುಹಾಕಿದ. ಗ್ಯಾಸನ್ನು ಒತ್ತುವ ಹಳೆಯ ಕಂಪ್ರೆಸರು ರುಬ್ಬುಗುಂಡಿನಷ್ಟು ಭಾರವಿತ್ತು, ಅದರ ಜಾಗಕ್ಕೆ ಪುಟ್ಟದೊಂದು ಬಂತು. ಮುಂಭಾಗದಲ್ಲಿ ಬಿಸಿಯನ್ನು ಹೊರಹಾಕಲು ಹೊಸ ಜಾಲರಿ, ಅದಕ್ಕೊಂದು ಕರೆಂಟಿನ ಫ್ಯಾನು, ಹೊಟ್ಟೆಯಡಿಯಲ್ಲಿ ಡಿಕ್ಕಿಯವರೆಗೆ ಹೊಸ ಪೈಪುಗಳು, ಈಗಿನ ಕಾಲದ ಗ್ಯಾಸು. ತಂಪು ಹುಟ್ಟುವ ಪೆಟ್ಟಿಗೆ ನಿಮ್ಮಪ್ಪನ ಕಾಲದಿಂದ ಡಿಕ್ಕಿಯಲ್ಲಿತ್ತಲ್ಲ, ಈಗ ಯಾರೂ ಅಲ್ಲಿ ಇಡುವುದಿಲ್ಲವಂತೆ, ಮುಂದೆ ಸ್ಟೇರಿಂಗ್ ಪಕ್ಕ ಕೂರಿಸೋಣ ಎಂದು ಮಹದೇವು ಹಟ ಹಿಡಿದ. ಬಿಂದು ಒಪ್ಪಲಿಲ್ಲ. "ಮಗು ಕೂರೋದು ಹಿಂದೆ. ಮುಂದಿನಿಂದ ಬರೋ ಹೊತ್ತಿಗೆ ತಂಪೆಲ್ಲ ನನಗೇ ಮುಗಿದೋಗಿರುತ್ತೆ. ನಂಗೆ ಬೇಡ, ಅವಳಿಗೆ ಬೇಕು" ಎಂದಳು. ಪೆಟ್ಟಿಗೆ ಹೊಸದಾಯಿತು, ಜಾಗ ಹಳೆಯದೇ ಉಳಿಯಿತು. ಹಿಂದಿನ ಸೀಟಿನ ತಲೆಯ ಹತ್ತಿರದ ಹಲಗೆಯಲ್ಲಿ ಎರಡು ಬಾಯಿಗಳಿಂದ ತಂಪು ಗಾಳಿ ಬರಬೇಕು, ನಡುವಿನ ಜಾಲರಿಯಿಂದ ಕಾರಿನೊಳಗಿನ ಗಾಳಿ ಮತ್ತೆ ಡಿಕ್ಕಿಗೆ ಹೋಗಬೇಕು. ಇದನ್ನೆಲ್ಲ ನಾನು ಹೀಗೆ ಸಲೀಸಾಗಿ ಹೇಳುತ್ತಿರುವುದು ಅವಳ ಹತ್ತಿರ ಕಲಿತು, ಬೆರಗಾಗಬೇಡ.

ಅಷ್ಟಕ್ಕೇ ನಿಲ್ಲಲಿಲ್ಲ ಅವಳು. ಮೇಟಗಳ್ಳಿಯ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವವಳಲ್ಲವೇ, ಯಾವ ಸಾಮಾನಿಗೆ ಯಾವ ಹೊದಿಕೆ ಎಂಬುದು ಅವಳಿಗೆ ಬಾಯಿಪಾಠ. ತಣ್ಣಗಿಡಬೇಕಾದ ಸಾಮಾನಿಗೆ ಸುತ್ತುವ ಬೆಳ್ಳಿಬಣ್ಣದ ಹಾಳೆಯನ್ನು ಅಂಗಡಿಯಿಂದ ತಂದು, ಕಾರಿನ ಚಾವಣಿಯ ಬಟ್ಟೆ ಬಿಚ್ಚಿ ಒಳಗೆಲ್ಲ ಅಂಟಿಸಿದಳು. ಬಾಗಿಲಿನ ರಬ್ಬರುಗಳನ್ನು ತಾನೇ ಕೂತು ಬದಲಾಯಿಸಿದಳು. ಕಾರ್ಖಾನೆಯಿಂದ ಬಂದು, ಮಗುವಿಗೆ ಮೈ ಒರೆಸಿ, ಊಟ ಬಡಿಸಿ, ಆಮೇಲೆ ಬೆರಳಿಗೆಲ್ಲ ಗೋಂದು ಮೆತ್ತಿಕೊಂಡು ಕೂರುತ್ತಿದ್ದಳು. ನಾನು ಮೊದಮೊದಲು ಬೈಯುತ್ತಾ ನೋಡಿದೆ, ಆಮೇಲೆ ಸುಮ್ಮನೆ ನೋಡಿದೆ, ಆಮೇಲೆ ಕತ್ತರಿ ಹಿಡಿದು ಪಕ್ಕದಲ್ಲಿ ಕೂತೆ. ಇಂಥ ಸೊಸೆ ಬಂದದ್ದು ನನ್ನ ಭಾಗ್ಯ ಎಂದು ಅವಳೆದುರು ಹೇಳಿದರೆ ನಾಚಿ ಎದ್ದುಹೋಗುತ್ತಾಳೆ, ಅದಕ್ಕೆ ನಿನಗೆ ಬರೆಯುತ್ತಿದ್ದೇನೆ.

ಮಗುವನ್ನು ಕೂರಿಸುವ ಮುಂಚೆ ನಾವಿಬ್ಬರೇ ಹೋಗಿ ನೋಡಬೇಕೆಂದು ಅವಳ ನಿಯಮ. ಮಗುವನ್ನು ಲಕ್ಷ್ಮಮ್ಮನ ಜೊತೆ ಬಿಟ್ಟು ಉರಿಬಿಸಿಲಲ್ಲಿ ಕೆಆರ್‌ಎಸ್ ರಸ್ತೆಗೆ ಹೊರಟೆವು. ಹಿಂದಿನ ಸೀಟಿನಲ್ಲಿ ರಾಣಿಯ ಹಾಗೆ ನಾನು, ಪಕ್ಕದಲ್ಲಿ ನಡುಮನೆಯ ಗೋಡೆಯಿಂದ ಇಳಿಸಿ ತಂದ ತಾಪಮಾಪಕ. ಆಹಾ, ಏನು ತಂಪು ಅಂತೀಯ! ಮೇಟಗಳ್ಳಿ ದಾಟುವಾಗ ಸೆರಗು ಹೊದ್ದುಕೊಂಡೆ. ವಾಪಸು ತಿರುಗಿದ ಸ್ವಲ್ಪ ಹೊತ್ತಿಗೆ ಗಾಳಿ ಕುಂದಿತು. ಆಮೇಲೆ ಬರೀ ಸದ್ದು. ಚಂದ್ರು, ಮುಂದಿನ ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅದೇ ಸದ್ದು ಕಣೋ, ದಳವಾಯಿ ಕೆರೆ ಹತ್ತಿರ ಕೇಳಿದ್ದು. ನಾನು ಅತ್ತುಬಿಟ್ಟೆ, ಸಾಕಮ್ಮ, ಇದನ್ನು ಗುಜರಿಗೇ ಹಾಕು ಎಂದೆ. ಬಿಂದು ಕಾರನ್ನು ಹೊಂಗೆ ಮರದ ಕೆಳಗೆ ನಿಲ್ಲಿಸಿ ಡಿಕ್ಕಿ ತೆಗೆದು, ಪೆಟ್ಟಿಗೆಯ ಮುಚ್ಚಳ ಎತ್ತಿ, "ಅತ್ತೆ, ಇಲ್ಲಿ ಬಂದು ನೋಡಿ" ಎಂದಳು. ಒಳಗಿನ ಕೊಳವೆಗಳ ಮೇಲೆಲ್ಲ ಬೆಳ್ಳಗೆ ಐಸು ಕಟ್ಟಿತ್ತು. ಹೊರಗೆ ಟಾರು ಕರಗುವ ಬಿಸಿಲು, ನಮ್ಮ ಡಿಕ್ಕಿಯಲ್ಲಿ ಮಂಜುಗಡ್ಡೆ.

ಮಹದೇವುಗೆ ತೋರಿಸಿದರೆ ಗ್ಯಾಸು ಹೆಚ್ಚಾಯಿತು ಎಂದು ತೆಗೆದ, ಕಡಿಮೆಯಾಯಿತು ಎಂದು ತುಂಬಿದ, ಯಾವುದೋ ಸ್ವಿಚ್ಚು ಬದಲಾಯಿಸಿದ. ಐಸು ಮಾತ್ರ ತಪ್ಪದೆ ಕಟ್ಟಿತು. ಕೊನೆಗೆ "ಎಂಗಾಯ್ತದೆ ಅಂತ್ಲೇ ಗೊತ್ತಾಯ್ತಿಲ್ಲ ಕಣ್ರವ್ವ, ನಿಮ್ ಗಾಡೀಗೆ ಯಾರೋ ಕಣ್ಣಾಕವ್ರೆ" ಎಂದು ಕೈಚೆಲ್ಲಿದ. ಬಿಂದುಗೆ ಕಣ್ಣುದೃಷ್ಟಿಯ ಮೇಲೆ ನಂಬಿಕೆಯಿಲ್ಲ. ಜಗಲಿಯ ಮೇಲೆ ಕೂತು ಯೋಚಿಸಿದಳು. "ತಂಪು ಹುಟ್ತಿದೆ ಅತ್ತೆ. ಅದನ್ನ ಹೊತ್ಕೊಂಡು ಬರೋಕೆ ಗಾಳಿ ಸಾಲ್ತಿಲ್ಲ. ಅಲ್ಲೇ ಕೂತು ಕೂತು ಹೆಪ್ಪುಗಟ್ತಿದೆ" ಎಂದಳು. ಆಮೇಲೆ ಅಂಗಡಿಗೆ ಹೋಗಿ, ನಾನು ಕಾರ್ತೀಕಕ್ಕೆಂದು ತೆಗೆದಿಟ್ಟಿದ್ದ ಸಾಂಬ್ರಾಣಿ ಊದುಬತ್ತಿಯ ಕಟ್ಟನ್ನೇ ಎತ್ತಿಕೊಂಡು ಬಂದು, ಕಾರಿನೊಳಗೆ ಕೂತು ಹಚ್ಚಿದಳು. ಇವಳಿಗೆ ಕೊನೆಗೂ ದೇವರ ನೆನಪಾಯಿತು, ಕಾರಿಗೆ ಪೂಜೆ ಮಾಡುತ್ತಿದ್ದಾಳೆ ಎಂದು ನಾನು ವಿಭೂತಿ ಗಟ್ಟಿ ಹಿಡಿದುಕೊಂಡು ಓಡಿದೆ. ಪೂಜೆಯಲ್ಲ, ಹೊಗೆ ಬೇಕಿತ್ತಂತೆ. ಗಾಜುಗಳನ್ನೆಲ್ಲ ಏರಿಸಿ, ಫ್ಯಾನು ಹಾಕಿ, ಹೊಗೆ ಯಾವ ಕಡೆ ಹೋಗುತ್ತದೆಂದು ನೋಡುತ್ತಿದ್ದಳು. ಇಷ್ಟು ವರ್ಷ ಊದುಬತ್ತಿ ಮಾರಿದ ನನಗೆ ಅದರಿಂದ ಹೀಗೂ ಒಂದು ಉಪಯೋಗವಿದೆಯೆಂದು ಹೊಳೆದಿರಲಿಲ್ಲ.

ಹೊಗೆ ಹಿಂದಿನ ಹಲಗೆಯವರೆಗೆ ಹೋಯಿತು. ನಡುವಿನ ಜಾಲರಿಯೊಳಗೆ ಇಳಿಯಬೇಕಾದದ್ದು ಇಳಿಯದೆ ಅಲ್ಲೇ ಶಾಲಿನ ಮೇಲೆ ಮಲಗಿಬಿಟ್ಟಿತು. ಬುದ್ಧಿಯವರ ಶಾಲು.

ನಿನಗೆ ನೆನಪಿದೆಯಲ್ಲ, ನಮ್ಮ ಮಠದ ಬುದ್ಧಿಯವರು ಮನೆಗೆ ಪಾದಪೂಜೆಗೆ ಬಂದಾಗ ಇದೇ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಬಂದರು. ಇಳಿಯುವಾಗ ಹೆಗಲ ಮೇಲಿದ್ದ ಕಾವಿ ಶಾಲನ್ನು ನಿಮ್ಮಪ್ಪನಿಗೆ ಹೊದಿಸಿ ಆಶೀರ್ವದಿಸಿದರು. ಅವರು ಅದನ್ನು ಒಂದು ದಿನವೂ ಹೊದೆಯಲಿಲ್ಲ. ಬುದ್ಧಿಯವರು ಕೂತ ಜಾಗಕ್ಕೆ ಕಾವಲಿರಲಿ ಎಂದು ಸೀಟಿನ ಹಿಂದಿನ ಹಲಗೆಯ ಮೇಲೆ ಅಂಚಿಗೆ ಅಂಚು ಕೂಡಿಸಿ, ಮಡಿಸಿ ಹಾಸಿ, ಮೇಲೊಂದು ಬಿಲ್ವದ ಎಲೆ ಇಟ್ಟರು. ಅಂದಿನಿಂದ ಯಾರೂ ಮುಟ್ಟಿಲ್ಲ. ಕಾರು ತೊಳೆಯುವವನು ಅದರ ಸುತ್ತ ಒರೆಸುತ್ತಿದ್ದ. ನೀನೂ ಸುತ್ತಲೇ ಒರೆಸಿದ್ದೀಯ. ಹೊಸ ಪೆಟ್ಟಿಗೆ ಹಾಕುವಾಗ ಮಹದೇವು ಎಲ್ಲಾ ಕೆಲಸವನ್ನೂ ಡಿಕ್ಕಿಯ ಒಳಗಿನಿಂದಲೇ ಮಾಡಿದ್ದ. ಯಾಕಯ್ಯಾ, ಜಾಲರಿ ನೋಡಲಿಲ್ಲವೇ ಎಂದರೆ, "ಬುದ್ಧಿಯೋರ್ ಬಟ್ಟೆ ಅಂತ ಗೊತ್ತಾಯ್ತು ಕಣ್ರವ್ವ. ಗ್ರೀಸ್ ಕೈಯಿ, ಎಂಗೆ ಮುಟ್ಲಿ?" ಎಂದು ತಲೆ ತಗ್ಗಿಸಿದ. ಅವನನ್ನು ಏನೆನ್ನಲಿ, ನಾವೆಲ್ಲರೂ ಮಾಡಿದ್ದು ಅದೇ. ಭಕ್ತಿಯಿಂದ ಉಸಿರಿನ ಬಾಯಿ ಮುಚ್ಚಿ ಕೂತಿದ್ದೆವು.

ಬಿಂದುವೂ ಶಾಲು ಎತ್ತಲಿಲ್ಲ. ಬೆರಳು ಅದರ ಅಂಚಿನವರೆಗೆ ಹೋಗಿ ಹಿಂದೆ ಬಂತು, ನನ್ನ ಮುಖ ನೋಡಿದಳು. ನನ್ನಿಂದಲೂ ಆಗಲಿಲ್ಲ. ಬುದ್ಧಿಯವರ ಮೇಲಿನ ಭಯ ಒಂದು ಕಡೆ ಇರಲಿ, ಆ ಮಡಿಕೆಗಳು ನಿಮ್ಮಪ್ಪನ ಕೈಯವು. ಅವರು ಲಿಂಗೈಕ್ಯರಾದ ಮೇಲೆ ಅವರ ಕನ್ನಡಕ, ಕೋಲು, ಪಂಚೆ ಎಲ್ಲವೂ ಅವರಿವರ ಕೈಗೆ ಹೋಗಿ ಜಾಗ ಬದಲಿಸಿದವು, ಅವರು ಇಟ್ಟ ಹಾಗೆಯೇ ಉಳಿದದ್ದು ಈ ಮನೆಯಲ್ಲಿ ಅದೊಂದೇ. ನಾಳೆ ನೋಡೋಣ ಎಂದು ಒಳಗೆ ಬಂದೆ. ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಹೋದೆ. ಮಠಕ್ಕೆ ಫೋನು ಮಾಡಿ ಕೇಳೋಣವೇ ಎಂದು ಬಿಂದು ಅಂದಳು. ಬೇಡ, ಮೊಮ್ಮಗಳಿಗೆ ಗಾಳಿ ಬೇಕೆಂದರೆ ಬುದ್ಧಿಯವರು ಬೇಡ ಅನ್ನುವವರಲ್ಲ, ನಿಮ್ಮ ಮಾವನವರೂ ಅಲ್ಲ ಎಂದೆ. ಎರಡೂ ಕೈಯಲ್ಲಿ ಎತ್ತಿದೆ. ಅಡಿಯಲ್ಲಿ ಜಾಲರಿಯ ತುಂಬ ಕಾವಿಯ ನೂಲು, ಧೂಳು, ಬಿಲ್ವದ ಪುಡಿ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ನಾನು ಶಾಲನ್ನು ಎದೆಗೆ ಒತ್ತಿಕೊಂಡು ಸ್ವಲ್ಪ ಹೊತ್ತು ಅತ್ತೆ. ಬಿಂದು ನನ್ನ ಬೆನ್ನು ಸವರಿ, ಆಮೇಲೆ ಹಲ್ಲುಜ್ಜುವ ಬ್ರಷ್ಷು ತಂದು ಜಾಲರಿ ಉಜ್ಜಲು ಕೂತಳು.

ಆಮೇಲೆ ಎಷ್ಟು ಓಡಿಸಿದರೂ ಐಸು ಕಟ್ಟಲಿಲ್ಲ. ನಾವಿಬ್ಬರೂ ಮತ್ತೆ ಮತ್ತೆ ಹೋಗಿ ಬಂದೆವು. ಶ್ರೀರಂಗಪಟ್ಟಣಕ್ಕೆ, ಹುಣಸೂರು ರಸ್ತೆಗೆ, ನಡು ಮಧ್ಯಾಹ್ನ ಬೇಕೆಂದೇ ಸಿಗ್ನಲ್ಲುಗಳಲ್ಲಿ ನಿಂತು. ಮಗುವಿನ ಡಾಕ್ಟರಿಗೆ ತಾಪಮಾಪಕದ ಫೋಟೋಗಳನ್ನು ತೋರಿಸಿ ಅವರ ಒಪ್ಪಿಗೆ ಪಡೆದು, ಹಸಿ ಬನಿಯನ್ನು, ಐಸ್ ಡಬ್ಬಿ ಎಲ್ಲಾ ಜೊತೆಗಿಟ್ಟುಕೊಂಡು, ಕಳೆದ ಭಾನುವಾರ ರಕ್ಷಿತಾಳನ್ನು ಕೂರಿಸಿದೆವು. ಹೊತ್ತು ನೆತ್ತಿಯ ಮೇಲಿತ್ತು. ಗಾಜಿಗೆ ಮೂಗು ಅಂಟಿಸಿಕೊಂಡು ಕೂತಳು. ಊರು ಇಷ್ಟು ಬೆಳ್ಳಗಿದೆಯೆಂದು ಅವಳಿಗೆ ಗೊತ್ತಿರಲಿಲ್ಲವಂತೆ. ಮೇಟಗಳ್ಳಿ ಕಳೆದ ಮೇಲೆ ಇದ್ದಕ್ಕಿದ್ದಂತೆ "ಅಮ್ಮಾ, ನಿಲ್ಸು, ರೋಡ್ ಮೇಲೆಲ್ಲ ನೀರು!" ಎಂದು ಕೂಗಿದಳು. ನಾನೂ ಗಾಬರಿಯಾಗಿ ನೋಡಿದೆ. ನೀರಲ್ಲ, ಬಿಸಿಲುಗುದುರೆ. ನಾವು ಚಿಕ್ಕಂದಿನಿಂದ ನೋಡಿ ನೋಡಿ ಮರೆತದ್ದು. ಹತ್ತಿರ ಹೋದಷ್ಟೂ ದೂರ ಸರಿಯುತ್ತದೆ ಎಂದರೆ ನಂಬಲಿಲ್ಲ, ಹಿಡಿಯಲೇಬೇಕೆಂದು ಹಟ ಮಾಡಿದಳು. ಅವಳಮ್ಮ ನಗುತ್ತಾ ಅದರ ಹಿಂದೆ ಅಣೆಕಟ್ಟೆಯವರೆಗೂ ಕಾರು ಓಡಿಸಿದಳು.

ವಾಪಸು ಬರುವಾಗ ಅವಳು ಮಾತು ನಿಲ್ಲಿಸಿ ನನ್ನ ಮಗ್ಗುಲಿಗೆ ಒತ್ತಿಕೊಂಡಳು. ತಟ್ಟನೆ ಬಗ್ಗಿ ಮುಖ ನೋಡಿದೆ. ಹಣೆ ಮುಟ್ಟಿದೆ, ತಣ್ಣಗಿತ್ತು. "ಅಜ್ಜಿ, ಚಳಿ ಆಯ್ತಿದೆ" ಎಂದಳು. ಚಂದ್ರು, ಈ ಮಗು ಹುಟ್ಟಿದಾಗಿನಿಂದ ಬೇಸಿಗೆಯಲ್ಲಿ ಆ ಮಾತು ಆಡಿರಲಿಲ್ಲ. ಬುದ್ಧಿಯವರ ಶಾಲು ನನ್ನ ಚೀಲದಲ್ಲಿತ್ತು, ತೆಗೆದು ಹೊದಿಸಿದೆ. ಕತ್ತಿನವರೆಗೆ ಎಳೆದುಕೊಂಡು ನಿದ್ದೆ ಹೋದಳು. ಮುಂದೆ ಕೂತ ಬಿಂದು ಕನ್ನಡಿಯಲ್ಲಿ ನಮ್ಮಿಬ್ಬರನ್ನೂ ನೋಡುತ್ತಾ ಕಣ್ಣೊರೆಸಿಕೊಂಡಳು.

ಈಗ ನಿನಗೆ ಒಂದು ಮಾತು. ಆ ದಿನ ನಂಜನಗೂಡಿನ ರಸ್ತೆಯಲ್ಲಿ ಆದದ್ದೂ ಇದೇ. ಐಸು ಕಟ್ಟಿತು, ಗಾಳಿ ನಿಂತಿತು. ನೀನು ಗಾಜು ಏರಿಸಿದ್ದು ತಪ್ಪಲ್ಲ, ಬೇರೆ ದಾರಿ ಹಿಡಿಯದೇ ಇದ್ದದ್ದು ತಪ್ಪಲ್ಲ, ಮೆಕ್ಯಾನಿಕ್ಕಿಗೆ ತೋರಿಸದೇ ಇದ್ದದ್ದೂ ತಪ್ಪಲ್ಲ, ತೋರಿಸಿದ್ದರೂ ಅವನು ಶಾಲಿನ ಸುತ್ತಲೇ ನೋಡುತ್ತಿದ್ದ. ನಿಮ್ಮಪ್ಪನದೂ ತಪ್ಪೆನ್ನಬೇಡ, ಅವರು ಮಾಡಿದ್ದು ಶ್ರದ್ಧೆಯಿಂದ. ಡಿಕ್ಕಿಯಲ್ಲಿ ಮೊದಲ ಸಲ ಐಸು ಕಂಡ ದಿನವೇ, ಆವತ್ತೂ ಹೀಗೆ ಐಸೇ ಕಟ್ಟಿರಬೇಕೆಂದು ಬಿಂದುವಿಗೆ ಹೊಳೆಯಿತು. ಮನೆಗೆ ಬಂದು ಜಗಲಿಯಲ್ಲಿ ಕೂತು, "ಇಷ್ಟು ವರ್ಷ ಅವರು ಸುಮ್ಸುಮ್ನೆ ಬೆಂದೋದ್ರಲ್ಲ ಅತ್ತೆ" ಎಂದು ಅತ್ತಳು. ಅವಳು ಅತ್ತದ್ದು ನಿನಗಾಗಿ, ನನಗಾಗಿ ಅಲ್ಲ, ತನಗಾಗಿಯೂ ಅಲ್ಲ. ಒಂಟಿಯಾಗಿ ಮಗು ಸಾಕುತ್ತಾ, ಒಂದು ದಿನವೂ ನಿನ್ನ ಮೇಲೆ ಒಂದು ಮಾತು ಆಡದೆ, ನೀನು ಗುಜರಿಗೆ ಹಾಕು ಎಂದದ್ದನ್ನು ಸರಿಮಾಡಿ ನಿಲ್ಲಿಸಿದ್ದಾಳೆ. ಅವಳ ಮೇಲೆ ನನಗೆ ಎಷ್ಟು ಹೆಮ್ಮೆಯೋ ನಿನಗೆ ಹೇಳಲಾರೆ.

ಬಸವ ಜಯಂತಿಗೆ ರಜೆ ಹಾಕಿ ಬಾ. ಹಗಲು ಹೊತ್ತಿನಲ್ಲಿ ಮಗಳ ಪಕ್ಕ ಕೂತು ಚಾಮುಂಡಿ ಬೆಟ್ಟಕ್ಕೆ ಹೋಗಿ ಬಾ. ಕಾರು ಓಡಿಸು ಎಂದು ನಾನು ಹೇಳುವುದಿಲ್ಲ, ಅದು ನಿಧಾನಕ್ಕೆ ಆಗಲಿ. ಪಕ್ಕದಲ್ಲಿ ಕೂತರೆ ಸಾಕು. ಅವಳು ಕೇಳಿದ ಪ್ರಶ್ನೆಗೆ ನಾನು ಎಷ್ಟು ದಿನ ಒಬ್ಬಟ್ಟಿನ ನೆಪ ಹೇಳಲಿ?

ಹೊಟ್ಟೆ ತುಂಬ ಉಣ್ಣು, ಕಂಬ ಹತ್ತುವಾಗ ಬೆಲ್ಟು ಸರಿಯಾಗಿ ಹಾಕಿಕೋ. ನಿನ್ನ ಜೊತೆ ಕೆಲಸ ಮಾಡುವವರಿಗೆಲ್ಲ ನನ್ನ ಆಶೀರ್ವಾದ ತಿಳಿಸು. ಲಕ್ಷ್ಮಮ್ಮ ಕೇಳಿದರೆಂದು ಹೇಳು ಅಂದರು, ಹೇಳಿದ್ದೇನೆ. ಶಿವ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಮ್ಮ,
ಪ್ರೇಮಲೀಲಾ

ಮರೆತದ್ದು: ಅಕ್ಷರ ಸೊಟ್ಟಗಿದೆ, ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ. ನಿನ್ನೆ ಈ ಕಾಗದವನ್ನು ಬಿಂದುಗೆ ಓದಲು ಕೊಟ್ಟೆ. ಪೂರ್ತಿ ಓದಿ, "ಇದನ್ನ ಪೋಸ್ಟಿಗೆ ಹಾಕಿದ್ರೆ ಬರ್ತೀನಿ ಅಂತಾರೆ. ಬರಲ್ಲ ಅತ್ತೆ" ಎಂದಳು. ಅದಕ್ಕೇ ಹಾಕಲಿಲ್ಲ, ಲಕೋಟೆಯ ಮೇಲೆ ಸ್ಟ್ಯಾಂಪಿಲ್ಲ ನೋಡು. ಇವತ್ತು ಭಾನುವಾರ, ಬೆಳಕು ಹರಿಯುವ ಮುಂಚೆ ಹೊರಟೆವು, ದಾರಿಯುದ್ದಕ್ಕೂ ತಂಪಾಗಿ ಬಂದೆವು. ನಿಮ್ಮ ವಾಚ್‌ಮನ್ನಿನ ಕೈಗೆ ಇದನ್ನು ಕೊಟ್ಟು ಕಳಿಸುತ್ತಿದ್ದೇನೆ. ಗೇಟಿನ ಹೊರಗೆ ಬೇವಿನ ಮರದ ಕೆಳಗಿದ್ದೇವೆ, ಎಂಜಿನ್ ಆರಿಸಿಲ್ಲ. ನಿನ್ನ ಮಗಳು ಹಿಂದಿನ ಸೀಟಿನಲ್ಲಿ ನಿನಗೆ ಜಾಗ ಬಿಟ್ಟು ಒತ್ತರಿಸಿಕೊಂಡು ಕೂತಿದ್ದಾಳೆ. ಅವಳನ್ನು ಹೊರಗೆ ಕರೆಯಬೇಡ, ಬಿಸಿಲಿದೆ. ನೀನೇ ಬಾ. ಬಾಗಿಲು ತೆಗೆದು ನಿಂತು ಯೋಚನೆ ಮಾಡಬೇಡ, ಬೇಗ ಹತ್ತಿ ಹಾಕಿಕೋ, ತಂಪು ಹೊರಗೆ ಹೋಗುತ್ತೆ.